‘ಹವ್ಯಾಸ’ ಒಳ್ಳೆಯದೋ ಕೆಟ್ಟದ್ದೋ? ಕ್ಯಾಮೆರಾದಿಂದ ಎದ್ದ ಒಂದು ಪದದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾನು ಮುಂಬಯಿಯ ಮುಲುಂಡಿನಲ್ಲಿ ಇರುವವನು. ಹುಟ್ಟೂರು ಧಾರವಾಡದ ಕಡೆ. ‘ಹವ್ಯಾಸ’ ಎಂಬ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಪದದ ಹಿಂದೆ ಒಂದು ಕತೆ ಇದೆ.

ಹೋದ ತಿಂಗಳು ನಾವು ಏಳೆಂಟು ಕನ್ನಡಿಗರು ಸೇರಿ ಫೋಟೋ ತೆಗೆಯುವವರ ಒಂದು ಸಣ್ಣ ಕೂಟ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಎಲ್ಲಾದರೂ ಸುತ್ತುವುದು, ಸಂಜೆ ಯಾರದಾದರೂ ಮನೆಯಲ್ಲಿ ಕೂತು ಒಬ್ಬರ ಫೋಟೋ ಇನ್ನೊಬ್ಬರು ನೋಡುವುದು, ಅಷ್ಟೇ. ‘ಹವ್ಯಾಸಿ ಛಾಯಾಗ್ರಾಹಕರ ಕೂಟ’ ಎಂದು ಒಂದು ಹಾಳೆಯಲ್ಲಿ ಬರೆದೆ. ನಮ್ಮ ಕಟ್ಟಡದ ಮರಾಠಿ ಗೆಳೆಯರೂ ಬರಲಿ ಎಂದು ಅದನ್ನೇ ದೇವನಾಗರಿಯಲ್ಲೂ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ಎರಡೂ ಸಂಸ್ಕೃತದ ಹಾಗೆ ಕೇಳಿಸುವ ಪದಗಳು, ಅವರಿಗೂ ತಿಳಿಯುತ್ತದೆ ಎಂದುಕೊಂಡಿದ್ದೆ.

ಎರಡನೇ ಮಹಡಿಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಮರಾಠಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾರನೆಯ ದಿನ ನನ್ನನ್ನು ನಿಲ್ಲಿಸಿ, ‘ದುರಾಸೆ ಹಿಡಿದ ಗಿರಾಕಿಗಳು ಅಂತ ಬರೆದಿದ್ದೀಯಲ್ಲ, ಏನಿದು?’ ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮರಾಠಿಯಲ್ಲಿ ‘ಹವ್ಯಾಸ’ ಎಂದರೆ ಮಿತಿಮೀರಿದ ಆಸೆ. ‘ಪೈಶಾಚಾ ಹವ್ಯಾಸ’ ಎಂದರೆ ದುಡ್ಡಿನ ದುರಾಸೆ. ‘ಸತ್ತೇಚಾ ಹವ್ಯಾಸ’ ಎಂದರೆ ಅಧಿಕಾರದ ದಾಹ. ಅಲ್ಲಿ ಅದು ಬೈಗುಳಕ್ಕೆ ಹತ್ತಿರದ ಪದ. ನಾವು ಹವ್ಯಾಸ ಎನ್ನುವುದಕ್ಕೆ ಅವರು ‘ಛಂದ’ ಅನ್ನುತ್ತಾರೆ. ಇನ್ನು ‘ಗ್ರಾಹಕ’ ಅಂದರೆ ಅವರಿಗೆ ಅಂಗಡಿಗೆ ಬರುವ ಗಿರಾಕಿ ಮಾತ್ರ. ಫೋಟೋ ತೆಗೆಯುವವರಿಗೆ ಅವರ ಪದ ‘ಛಾಯಾಚಿತ್ರಕಾರ’.

‘ಗ್ರಾಹಕ’ದ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲೂ ಗ್ರಾಹಕ ಅಂದರೆ ಗಿರಾಕಿಯೇ. ಆದರೆ ಮುಂದೆ ‘ಛಾಯಾ’ ಸೇರಿದ ಕೂಡಲೇ ನಮ್ಮ ಕಿವಿ ತಾನಾಗಿಯೇ ‘ಹಿಡಿಯುವವನು’ ಎಂಬ ಮೂಲ ಅರ್ಥಕ್ಕೆ ಹೋಗುತ್ತದೆ. ಮೈಸೂರಿನಿಂದ ಈ ಊರಿಗೆ ಬಂದು, ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೋ ಒಳಗೆ ಬೆಳಕಿನ ಕೋಲು ಇಳಿಸಿದ ಹಿಂದಿ ಸಿನಿಮಾದ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ ನಾವೆಲ್ಲ ಛಾಯಾಗ್ರಾಹಕ ಎಂದೇ ಹೆಮ್ಮೆಯಿಂದ ಹೇಳಿದೆವು. ಯಾರಿಗೂ ಅಂಗಡಿ ನೆನಪಾಗಲಿಲ್ಲ. ಇನ್ನೊಂದು ಮಾತು. ಫೋಟೋಗ್ರಫಿ ಎಂಬ ಪದದ ಗ್ರೀಕ್ ಮೂಲ ಹೇಳುವುದು ಬೆಳಕಿನ ಬರಹ ಎಂದು. ನಾವು ಹೇಳುವುದು ಛಾಯೆ, ಅಂದರೆ ನೆರಳು. ಇದು ಉಲ್ಟಾ ಅಲ್ವಾ ಎಂದು ನನಗೆ ಬಹಳ ದಿನ ಅನಿಸಿತ್ತು. ಆದರೆ ಅಮರಕೋಶದಲ್ಲಿ ಛಾಯೆಗೆ ನೆರಳಿನ ಜೊತೆ ಕಾಂತಿ, ಪ್ರತಿಬಿಂಬ ಎಂಬ ಅರ್ಥಗಳೂ ಇವೆ. ಪ್ರತಿಬಿಂಬವನ್ನು ಹಿಡಿಯುವವನು ಎಂದುಕೊಂಡರೆ ಪದ ಚೆನ್ನಾಗಿಯೇ ಕೂರುತ್ತದೆ.

ನನ್ನನ್ನು ಕಾಡಿದ್ದು ‘ಹವ್ಯಾಸ’. ಕಾಕೂ ಹೇಳಿದ ಅರ್ಥ ನನಗೆ ಚುಚ್ಚಿತು. ಯಾಕೆಂದರೆ ಎರಡು ವರ್ಷ ನಾನು ಅದೇ ಆಗಿದ್ದೆ.

ನನ್ನ ಮೊದಲ ಕ್ಯಾಮೆರಾ ಕೊಂಡಿದ್ದು ಕೋಟೆ ಭಾಗದ ಬೋರಾ ಬಜಾರಿನಲ್ಲಿ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಹೊರಬಂದು ರಸ್ತೆ ದಾಟಿದರೆ ಆ ಗಲ್ಲಿಗಳು. ಕ್ಯಾಮೆರಾ, ಟ್ರೈಪಾಡ್, ಬ್ಯಾಗು, ಫ್ಲ್ಯಾಶ್ ಎಲ್ಲ ಅಲ್ಲಿ ಸಿಗುತ್ತವೆ. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: ‘ಶೌಕ್ ಕೇ ಲಿಯೇ ಯಾ ಧಂಧೇ ಕೇ ಲಿಯೇ?’ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಖುಷಿಗೋ, ವೃತ್ತಿಗೋ ಎಂದು. ಆದರೆ ನನ್ನ ಕನ್ನಡದ ಕಿವಿಗೆ ಎರಡೂ ಪದ ಬೇರೆಯಾಗಿ ಬಿದ್ದವು. ಹಿಂದಿಯ ‘ಶೌಕ್’ ನಮ್ಮಲ್ಲಿ ‘ಶೋಕಿ’ ಆಗಿದೆ. ಶೋಕಿ ಮಾಡುವವನು ಅಂದರೆ ಇನ್ನೊಬ್ಬರು ನೋಡಲಿ ಎಂದು ಮೆರೆಯುವವನು. ಅವರ ‘ಧಂಧಾ’ ಮರ್ಯಾದೆಯ ಕಸುಬು, ನಮ್ಮ ‘ದಂಧೆ’ ಪತ್ರಿಕೆಯಲ್ಲಿ ‘ಅಕ್ರಮ’ದ ಹಿಂದೆಯೇ ಬರುತ್ತದೆ. ಶೋಕಿಗೋ ದಂಧೆಗೋ ಎಂದು ಕೇಳಿದರೆ ಏನು ಹೇಳುವುದು? ‘ಸುಮ್ನೆ, ಇಷ್ಟ ಅಂತ’ ಎಂದೆ. ಆವತ್ತು ಕೊಂಡಿದ್ದು ಒಂದು ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಜೊತೆಗೆ 18-55 ಮಿಲಿಮೀಟರಿನ ಕಿಟ್ ಲೆನ್ಸ್, ಅಂದರೆ ಸಾಮಾನ್ಯವಾಗಿ ಕ್ಯಾಮೆರಾ ಜೊತೆಗೇ ಕೊಡುವ ಲೆನ್ಸ್.

ಆ ಒಂದು ವರ್ಷ ತೆಗೆದ ಫೋಟೋಗಳನ್ನು ಈಗಲೂ ಪ್ರೀತಿಯಿಂದ ನೋಡುತ್ತೇನೆ. ಮುಲುಂಡ್ ಮಾರುಕಟ್ಟೆಯಲ್ಲಿ ಚೆಂಡುಹೂವಿನ ರಾಶಿ. ಜೂನ್ ತಿಂಗಳ ಮೊದಲ ಮಳೆಗೆ ಬಾಲ್ಕನಿಯಲ್ಲಿ ಕೈ ಚಾಚಿದ ಮಗಳು. ರೊಟ್ಟಿ ಬಡಿಯುವ ಅವ್ವನ ಕೈ.

ಆಮೇಲೆ ಮುಂಬಯಿಯ ಪೂರ್ವ ದಂಡೆಯ ಸೆವ್ರಿಗೆ ಹೋದೆ. ಚಳಿಗಾಲದಲ್ಲಿ ಅಲ್ಲಿನ ಕೆಸರು ದಂಡೆಗೆ ಸಾವಿರಾರು ರಾಜಹಂಸಗಳು ಬರುತ್ತವೆ. ಫ್ಲೆಮಿಂಗೋಗೆ ಮರಾಠಿಯಲ್ಲಿ ‘ರೋಹಿತ’ ಎನ್ನುತ್ತಾರೆ, ‘ಅಗ್ನಿಪಂಖ’ ಎಂದೂ ಹೇಳುತ್ತಾರೆ. ಎಷ್ಟು ಚೆಂದದ ಹೆಸರು! ನಾನು ಹೋದದ್ದು ಸಮುದ್ರ ಪೂರ್ತಿ ಇಳಿದಿದ್ದ ಹೊತ್ತಿಗೆ. ಹಕ್ಕಿಗಳು ದೂರದಲ್ಲಿ ಒಂದು ಗುಲಾಬಿ ಗೆರೆಯ ಹಾಗೆ ಇದ್ದವು. ನನ್ನ 55 ಮಿಲಿಮೀಟರ್ ಲೆನ್ಸಿನಲ್ಲಿ ಅವು ಚುಕ್ಕಿಗಳು. ಪಕ್ಕದಲ್ಲಿ ಒಬ್ಬರು ತೋಳಿನಷ್ಟು ಉದ್ದದ ಲೆನ್ಸ್ ಹಿಡಿದು ನಿಂತಿದ್ದರು. ನನ್ನ ಆಸೆ ಶುರುವಾದದ್ದು ಅಲ್ಲಿಂದ.

ರಾತ್ರಿಯೆಲ್ಲ ಲೆನ್ಸುಗಳ ಬಗ್ಗೆ ಓದಿದೆ. ಬಾಡಿ ಬದಲಿಸಿದೆ. ಕಂತಿನಲ್ಲಿ 150-600ರ ಜೂಮ್ ಲೆನ್ಸ್ ತಂದೆ. ಅದರ ತೂಕ ಹತ್ತಿರ ಹತ್ತಿರ ಎರಡು ಕಿಲೋ. ಲೋಕಲ್ ಟ್ರೈನಿನ ನೂಕಾಟದಲ್ಲಿ ಅದನ್ನು ಹೊತ್ತು ಹೋಗುವುದು ಆಗದ ಮಾತು. ನಾಲ್ಕು ಸಲ ಹೊರಗೆ ತೆಗೆದಿರಬಹುದು. ಬ್ಯಾಗಿಗೇ ಹಾಕಿ ಬೀರುವಿನಲ್ಲಿ ಇಟ್ಟೆ. ಮಳೆಗಾಲ ಮುಗಿಸಿ ತೆಗೆದಾಗ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿತ್ತು. ಈ ಊರಿನ ತೇವದಲ್ಲಿ ಕತ್ತಲೆಯ ಬೀರು, ಬಟ್ಟೆಯ ಬ್ಯಾಗು ಎರಡೂ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ಬೇಕಿದ್ದದ್ದು ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ತೇವ ತೋರಿಸುವ ಒಂದು ಚಿಕ್ಕ ಮೀಟರು. ಅದು ಶೇಕಡಾ ನಲವತ್ತು, ಐವತ್ತರ ನಡುವೆ ಇದ್ದರೆ ಸಾಕು. ಲೆನ್ಸಿಗೆ ಅಷ್ಟು ದುಡ್ಡು ಕೊಟ್ಟ ನಾನು ಈ ಡಬ್ಬಿಯನ್ನು ತಂದಿರಲಿಲ್ಲ. ಆ ವರ್ಷ ತೆಗೆದ ಫೋಟೋ ಹುಡುಕಿದರೆ ನೆನಪಿಡುವಂಥದ್ದು ಒಂದೂ ಇಲ್ಲ. ಅದು ಜಾಸ್ತಿ ನೋವಾಯಿತು.

ಆಮೇಲೆ ಗೊತ್ತಾದದ್ದು, ಸೆವ್ರಿಯಲ್ಲಿ ಬೇಕಿದ್ದದ್ದು ಲೆನ್ಸಿಗಿಂತ ಮೊದಲು ಉಬ್ಬರ ಇಳಿತದ ವೇಳಾಪಟ್ಟಿ. ನೀರು ಏರುತ್ತಾ ಬಂದಂತೆ ಹಕ್ಕಿಗಳು ತಾವಾಗಿಯೇ ದಡದ ಕಡೆ ಸರಿಯುತ್ತವೆ. ಆ ಹೊತ್ತಿಗೆ ಸುಮ್ನೆ ಕೂತು ಕಾಯಬೇಕು.

ಈಗ ನನ್ನ ಬಳಿ ಇರುವುದು 50 ಮಿಲಿಮೀಟರಿನ, ಎಫ್ 1.8ರ ಒಂದು ಚಿಕ್ಕ ಲೆನ್ಸ್. ಜೂಮ್ ಇಲ್ಲ. ಹತ್ತಿರ ಬೇಕಾದರೆ ನಾನೇ ನಡೆದು ಹೋಗಬೇಕು. ಆದರೆ ಬೆಳಕು! ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು. ಕಿಟ್ ಲೆನ್ಸ್ 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 1.8 ಅದರ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಒಳಗೆ ಬಿಡುತ್ತದೆ. ದೇವರ ಮನೆಯ ದೀಪದ ಬೆಳಕಿನಲ್ಲೇ ಅವ್ವನ ಮುಖ ಬರುತ್ತದೆ. ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಇಷ್ಟೇ: ಕ್ಯಾಮೆರಾ ಬಾಡಿಯ ಮೇಲೆ ಕಡಿಮೆ ಖರ್ಚು ಮಾಡಿ, ಇಂಥದ್ದೊಂದು ಲೆನ್ಸ್ ತನ್ನಿ, ಒಂದು ವರ್ಷ ಅಂಗಡಿ ಕಡೆ ಹೋಗಬೇಡಿ.

ಈಗ ಪದಕ್ಕೆ ಬರುತ್ತೇನೆ. ನನ್ನೊಳಗೆ ಇದ್ದದ್ದು ಎರಡು ಬೇರೆ ಆಸೆ. ಒಂದು ನೋಡುವ ಆಸೆ, ಇನ್ನೊಂದು ಕೊಳ್ಳುವ ಆಸೆ. ‘ನನಗೆ ಕ್ಯಾಮೆರಾ ಹುಚ್ಚು’ ಎಂದರೆ ಇದರಲ್ಲಿ ಯಾವುದು? ಕನ್ನಡದಲ್ಲಿ ಎರಡೂ ಆಗಬಹುದು. ‘ಗೀಳು’ ಎಂದರೆ ಬಿಡಿಸಿಕೊಳ್ಳಲು ಆಗದ್ದು, ಅದು ಕೊಳ್ಳುವುದಕ್ಕೆ ಸರಿ ಹೋಗುತ್ತದೆ. ‘ಚಟ’ ಇನ್ನೂ ಕೆಟ್ಟದ್ದು. ನಮ್ಮ ಧಾರವಾಡದ ಕಡೆ ‘ನಾದ’ ಎನ್ನುತ್ತಾರೆ. ‘ಅವಂಗ ಇಸ್ಪೀಟಿನ ನಾದ ಹತ್ತೇತಿ’ ಎಂದ ಹಾಗೆ. ಮರಾಠಿಯಲ್ಲೂ ಇದೇ ಪದ, ಇದೇ ಧಾಟಿ. ಅದರಲ್ಲಿ ಪ್ರೀತಿಯೂ ಇದೆ, ಬೈಗುಳವೂ ಇದೆ.

‘ಹವ್ಯಾಸ’ ಮಾತ್ರ ನಮ್ಮಲ್ಲಿ ತೀರಾ ಸಾಧುವಾಗಿದೆ. ಬಯೋಡೇಟಾದಲ್ಲಿ ಅಂಚೆಚೀಟಿ ಸಂಗ್ರಹ, ಓದು ಎಂದು ತುಂಬುವ ಪದ. ‘ಹವ್ಯಾಸಿ’ಗೆ ಸ್ವಲ್ಪ ತೂಕ ಕೊಟ್ಟದ್ದು ನಾಟಕದವರು. ಗುಬ್ಬಿ ಕಂಪನಿಯಂಥ ವೃತ್ತಿ ತಂಡಗಳು ಒಂದು ಕಡೆ, ಹಗಲು ಕೆಲಸ ಮಾಡಿ ರಾತ್ರಿ ತಾಲೀಮು ನಡೆಸುವ ಹವ್ಯಾಸಿ ತಂಡಗಳು ಇನ್ನೊಂದು ಕಡೆ. ಅಲ್ಲಿ ಹವ್ಯಾಸಿ ಅಂದರೆ ದುಡ್ಡಿಗಲ್ಲದೆ ಮಾಡುವವನು. ಮರಾಠಿ ನಾಟಕದವರು ಇದಕ್ಕೇ ‘ಹೌಶೀ’ ಎನ್ನುತ್ತಾರೆ, ‘ಹೌಸ’ ಇರುವವನು ಎಂದು. ‘ಹೌಸೇಲಾ ಮೋಲ ನಾಹೀ’ ಎಂಬ ಮಾತನ್ನು ಕಾಕೂ ಹೇಳಿಕೊಟ್ಟರು. ಆಸೆಪಟ್ಟು ಮಾಡುವುದಕ್ಕೆ ಬೆಲೆ ಕಟ್ಟಲಾಗದು ಎಂದು.

ಆದರೆ ನಮ್ಮ ಅಜ್ಜಿಗೆ ಹವ್ಯಾಸ ಅಷ್ಟು ಸಾಧುವಾಗಿರಲಿಲ್ಲ. ‘ಅವಂಗ ಕುಡಿಯೋ ಹವ್ಯಾಸ ಐತಿ’ ಎನ್ನುತ್ತಿದ್ದರು. ಅಂದರೆ ರೂಢಿಯಾದದ್ದು, ಮೈಗೆ ಹತ್ತಿದ್ದು. ಇದನ್ನು ನೋಡಿದರೆ ಪದ ‘ಅಭ್ಯಾಸ’ದಿಂದ ಬಂದಂತೆ ಕಾಣುತ್ತದೆ. ಮರಾಠಿಯ ಅರ್ಥ ನೋಡಿದರೆ ಅರಬ್ಬಿಯ ‘ಹವಸ್’ ನೆನಪಾಗುತ್ತದೆ. ಹೌಸ ಬಂದದ್ದೂ ಅಲ್ಲಿಂದಲೇ. ಅಥವಾ ಎರಡು ಬೇರೆ ಪದಗಳು ಒಂದೇ ರೂಪದಲ್ಲಿ ಬಂದು ಸೇರಿದವೋ? ಹಳೆಯ ಕನ್ನಡ ಬರಹಗಳಲ್ಲಿ ಹವ್ಯಾಸ ಎಲ್ಲಿ ಸಿಗುತ್ತದೆ, ಯಾವ ಅರ್ಥದಲ್ಲಿ ಎಂದು ಬಲ್ಲವರು ತಿಳಿಸಿ. ಮೈಸೂರು, ಮಂಗಳೂರು ಕಡೆಯ ಹಿರಿಯರೂ ‘ಕುಡಿಯುವ ಹವ್ಯಾಸ’ ಎನ್ನುತ್ತಿದ್ದರೇ? ಬೆಳಗಾವಿ, ಬೀದರ್ ಗಡಿಯಲ್ಲಿ ಮರಾಠಿಯ ದುರಾಸೆಯ ಅರ್ಥ ಕನ್ನಡದೊಳಗೂ ಬಂದಿದೆಯೇ?

ಇನ್ನೊಂದು ಪದವೂ ಬೇಕು. ಲೆನ್ಸಿನ ಮೇಲಿನ ಆಸೆಯನ್ನಲ್ಲ, ನೋಡುತ್ತಾ ನಿಲ್ಲುವ ಆಸೆಯನ್ನು ಹೇಳುವ ಪದ. ‘ಒಲವು’ ನನಗೆ ತೀರಾ ಮೆದು ಅನಿಸುತ್ತದೆ, ‘ಹಂಬಲ’ದಲ್ಲಿ ಸಿಗದ ನೋವು ಇದೆ. ‘ನಾದ’ವನ್ನೇ ಇಟ್ಟುಕೊಳ್ಳೋಣ ಎಂದರೆ ಬೆಂಗಳೂರಿನ ಗೆಳೆಯರು ಅದನ್ನು ಸಂಗೀತ ಎಂದುಕೊಳ್ಳುತ್ತಾರೆ.

ಮರಾಠಿ ಹಾಳೆಯನ್ನು ಕಾಕೂ ಹೇಳಿದಂತೆ ‘ಹೌಶೀ ಛಾಯಾಚಿತ್ರಕಾರ’ ಎಂದು ತಿದ್ದಿ ಅಂಟಿಸಿದ್ದೇನೆ. ಕನ್ನಡದ್ದು ಇನ್ನೂ ಹಾಗೇ ಇದೆ. ಬರುವ ಭಾನುವಾರ ನೀರು ಏರುವ ಹೊತ್ತಿಗೆ ಸೆವ್ರಿಗೆ ಹೊರಟಿದ್ದೇವೆ, ಕಾಕೂ ಕೂಡ ಬರುತ್ತಾರಂತೆ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಒಳ್ಳೆಯ ಪದ ಕೊಟ್ಟರೆ ಆ ಹಾಳೆಯನ್ನೂ ಬದಲಿಸುತ್ತೇನೆ.