ಕಕಾಸಿಯನ್ನು ತೆಗೆಯುವ ಬಗ್ಗೆ ಮನೆ ಗುಂಪಿನಲ್ಲಿ

ಅಪ್ಪಚ್ಚಿ, ಶಿರಸಿ: (ಫಾರ್ವರ್ಡ್) ಜಪಾನಿ ಬರಹವನ್ನು ಇಂಗ್ಲಿಷ್ ಅಕ್ಷರಕ್ಕೆ ತರುವ ಕಕಾಸಿ ಪ್ರೋಗ್ರಾಂ ಬೇಕಿದ್ದರೆ ಉಬುಂಟು ಕಂಪ್ಯೂಟರಿನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಕಕಾಸಿ’ ಎಂದು ಟೈಪ್ ಮಾಡಿ. ಕೆಲಸ ಮುಗಿದ ಮೇಲೆ /ಯುಎಸ್‌ಆರ್/ಶೇರ್/ಕಕಾಸಿ ಫೋಲ್ಡರನ್ನು ‘ಸುಡೋ ಆರ್‌ಎಂ -ಆರ್‌ಎಫ್’ ಕೊಟ್ಟು ಅಳಿಸಿ. ಜಾಗ ಉಳಿಯುತ್ತದೆ.

ಅಪ್ಪಚ್ಚಿ, ಶಿರಸಿ: ತೋಟದ ಹುಲ್ಲು ಹೊಡೆಯುವ ಮಷಿನ್ನಿನ ಬಿಡಿಭಾಗದ ಪಟ್ಟಿ ಓದಬೇಕಿತ್ತಲ್ಲ, ಅದಕ್ಕೇ ಹಾಕಿದೆ.

ನಾನು: ಈಗ ನೋಡಿದೆ ಅಪ್ಪಚ್ಚಿ. ಮೊದಲ ಅರ್ಧ ಸರಿ ಇದೆ. ಅಳಿಸುವ ಸಾಲನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ.

ತಮ್ಮ: ಅಕ್ಕಾ, ನಾನು ಬೆಳಿಗ್ಗೆಯೇ ಮಾಡಿಬಿಟ್ಟೆ. ಈಗ ಪಟ್ಟಿಯ ಎರಡನೇ ಫೈಲ್ ಬಂದಿದೆ. ಮತ್ತೆ ಇನ್‌ಸ್ಟಾಲ್ ಕೊಟ್ಟರೆ ‘ಆಗಲೇ ಇದೆ’ ಎನ್ನುತ್ತದೆ. ಓಡಿಸಿದರೆ ಕಾಂಜಿ (ಚೀನಾ ಮೂಲದ ಜಪಾನಿ ಅಕ್ಷರ) ಓದುತ್ತಿಲ್ಲ.

ಕಾರವಾರ ಭಾವ: ಫೋಲ್ಡರ್ ಹೋಯಿತು ಅಂದ್ರೆ ಪ್ರೋಗ್ರಾಂ ಹೋದ ಹಾಗೇ ಅಲ್ವಾ? ಅದರಲ್ಲೇನು ತಪ್ಪು?

ನಾನು: ಹೋಗುವುದಿಲ್ಲ ಭಾವ. ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು ಎಂದು ಸಿಸ್ಟಮ್ ಲೆಕ್ಕ ಇಡುತ್ತದೆ. ವಖಾರಿಯಿಂದ ಅಡಿಕೆ ಚೀಲ ಹೊತ್ತು ತಂದು ಪುಸ್ತಕದಲ್ಲಿ ಬರೆಸದಿದ್ದರೆ ಏನಾಗುತ್ತದೆ? ಪುಸ್ತಕದಲ್ಲಿ ಚೀಲ ಇದ್ದೇ ಇರುತ್ತದೆ. ತಮ್ಮನಿಗೆ ಆಗಿದ್ದು ಅದೇ. ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ ಆಪ್ಟ್. ಆಪ್ಟ್ ತಂದದ್ದನ್ನು ಆಪ್ಟ್ ಕೈಯಲ್ಲೇ ತೆಗೆಸಬೇಕು.

ಅಪ್ಪಚ್ಚಿ, ಶಿರಸಿ: ಕಳಿಸಿದವರು ಕಂಪ್ಯೂಟರ್ ಬಲ್ಲವರು ಕೂಸೇ. ಸುಮ್ನೆ ಬರೆದಿರಲಿಕ್ಕಿಲ್ಲ.

ನಾನು: ಬಲ್ಲವರೇ ಇರಬಹುದು ಅಪ್ಪಚ್ಚಿ. ಸುಡೋ ಅಂದ್ರೆ ಪೂರ್ತಿ ಅಧಿಕಾರ, ಆರ್‌ಎಂ ಅಂದ್ರೆ ಅಳಿಸು. ಆದರೆ ಸುಡೋ ಜೊತೆ ಆರ್‌ಎಂ ಬರೆಯುವಾಗ ಯುಎಸ್‌ಆರ್ ಆದಮೇಲೆ ಕೈತಪ್ಪಿ ಒಂದು ಸ್ಪೇಸ್ ಬಿದ್ದರೆ ಇಡೀ ಯುಎಸ್‌ಆರ್ ಫೋಲ್ಡರೇ ಹೋಗುತ್ತದೆ. ಆಮೇಲೆ ಕಂಪ್ಯೂಟರ್ ಏಳುವುದೇ ಇಲ್ಲ. ಮನೆಯವರೆಲ್ಲ ಇರುವ ಗುಂಪಿನಲ್ಲಿ ಅಂಥ ಸಾಲು ಇರುವುದು ನನಗೆ ಭಯ.

ತಮ್ಮ: ನಾನೀಗ ಏನು ಮಾಡಲಿ? ಇಲ್ಲಿ ಮಳೆ ಜಾಸ್ತಿ, ನೆಟ್ ಹೋಗಿ ಬಂದು ಮಾಡುತ್ತಿದೆ.

ನಾನು: ಗಾಬರಿಯಾಗಬೇಡ. ನೀನು ಅಳಿಸಿದ್ದು ಕಕಾಸಿ ಕಾಂಜಿ ಓದಲು ನೋಡುವ ಡಿಕ್ಷನರಿ. ಅದು ಕಕಾಸಿ-ಡಿಕ್ ಎಂಬ ಬೇರೆ ಪ್ಯಾಕೇಜಿನದು. ಕಕಾಸಿಯನ್ನು ಎಷ್ಟು ಸಲ ಹಾಕಿದರೂ ಡಿಕ್ಷನರಿ ವಾಪಸ್ ಬರುವುದಿಲ್ಲ. ‘ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಕಕಾಸಿ-ಡಿಕ್’ ಕೊಡು. ಕೆಲಸ ಪೂರ್ತಿ ಮುಗಿದ ಮೇಲೆ ‘ಸುಡೋ ಆಪ್ಟ್ ಪರ್ಜ್ ಕಕಾಸಿ’, ಆಮೇಲೆ ‘ಸುಡೋ ಆಪ್ಟ್ ಆಟೋರಿಮೂವ್’. ಅದರ ಜೊತೆ ತಾನಾಗಿ ಬಂದಿದ್ದ ಡಿಕ್ಷನರಿಯೂ ಆಗ ಹೋಗುತ್ತದೆ. ಮೊದಲು -ಎಸ್ ಸೇರಿಸಿ ಓಡಿಸಿದರೆ ಏನೇನು ಹೋಗಲಿದೆ ಎಂದು ಬರೀ ತೋರಿಸುತ್ತದೆ, ಅಳಿಸುವುದಿಲ್ಲ.

ಕಾರವಾರ ಭಾವ: ಪರ್ಜ್ ಕೊಟ್ಟರೆ ಅವನು ಮಾಡಿಟ್ಟ ಪಟ್ಟಿಯೂ ಹೋಗುತ್ತದಾ? ರಿಮೂವ್ ಸಾಕಲ್ಲ?

ನಾನು: ಇಲ್ಲ ಭಾವ. ರಿಮೂವ್ ಆದರೆ ಸಿಸ್ಟಮ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಇದ್ದರೆ ಉಳಿಯುತ್ತದೆ, ಪರ್ಜ್ ಅದನ್ನೂ ತೆಗೆಯುತ್ತದೆ. ಮನೆ ಫೋಲ್ಡರಿನಲ್ಲಿ ನಾವು ಇಟ್ಟದ್ದನ್ನು ಎರಡೂ ಮುಟ್ಟುವುದಿಲ್ಲ.

ತಮ್ಮ: ಡಿಕ್ಷನರಿ ಬಂತು ಅಕ್ಕಾ! ಆದರೆ ಹೊಸ ಫೈಲ್ ಪೂರ್ತಿ ಕಸಕಸವಾಗಿ ಕಾಣುತ್ತದೆ.

ನಾನು: ಅದು ಶಿಫ್ಟ್-ಜಿಸ್ ಎಂಬ ಹಳೇ ಜಪಾನಿ ಎನ್‌ಕೋಡಿಂಗಿನ (ಫೈಲಿನಲ್ಲಿ ಅಕ್ಷರ ಉಳಿಸುವ ಕ್ರಮದ) ಫೈಲ್ ಇರಬೇಕು. ಎನ್‌ಕೋಡಿಂಗ್ ಬದಲಿಸುವ ಎನ್‌ಕೆಎಫ್ ಪ್ರೋಗ್ರಾಂ ಹಾಕಿಕೊಂಡು ‘ಎನ್‌ಕೆಎಫ್ --ಗೆಸ್’ ಕೊಡು, ಯಾವ ಎನ್‌ಕೋಡಿಂಗ್ ಎಂದು ಹೇಳುತ್ತದೆ. ‘ಎನ್‌ಕೆಎಫ್ -ಡಬ್ಲ್ಯೂ’ ಕೊಟ್ಟರೆ ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಎನ್‌ಕೋಡಿಂಗ್ ಆಗುತ್ತದೆ. ಅದನ್ನು ಬೇರೆ ಹೆಸರಿನಲ್ಲಿ ಉಳಿಸಿಕೋ. ಆಮೇಲೆ ಕಕಾಸಿಗೆ ‘-ಐ ಯುಟಿಎಫ್8’ ಎಂದು ಹೇಳಲೇಬೇಕು. ಫಾರ್ವರ್ಡ್‌ನಲ್ಲಿ ಇದೊಂದೂ ಇಲ್ಲ ನೋಡು.

ಅಪ್ಪಚ್ಚಿ, ಶಿರಸಿ: ಸರಿ ಕೂಸೇ, ಹಳೇದನ್ನು ಅಳಿಸಿದೆ. ಕಳಿಸಿದವರಿಗೂ ನೀನು ಬರೆದದ್ದನ್ನೇ ಕಳಿಸುತ್ತೇನೆ.

ತಮ್ಮ: ಬಂತು! ಗಾಸುಕೆಟ್ಟೊ, ಪಿಸುಟೊನ್, ಕ್ಯಾಬುರೆಟಾ. ನೆಜಿ ಅಂದ್ರೇನು?

ನಾನು: ನೆಜಿ ಅಂದ್ರೆ ಸ್ಕ್ರೂ. ಉಳಿದದ್ದನ್ನು ಬಾಯಿಬಿಟ್ಟು ಓದು, ತಾನೇ ಗೊತ್ತಾಗುತ್ತದೆ.

ಅಪ್ಪಚ್ಚಿ, ಶಿರಸಿ: ಗಾಸುಕೆಟ್ಟೊ ಅಂದ್ರೆ ಗ್ಯಾಸ್ಕೆಟ್ಟೇ! ಹೋಗಿರುವುದೂ ಅದೇ. ತಮ್ಮಾ, ಅದರ ಎದುರಿಗಿರುವ ನಂಬರ್ ಕಳಿಸು. ನಾಳೆ ಪೇಟೆಗೆ ಹೋದಾಗ ಅಂಗಡಿಯಲ್ಲಿ ತೋರಿಸುತ್ತೇನೆ.