ಸಹಾಯ ಬೇಕು: ನ್ಯಾನೋ ಎಡಿಟರ್‌ನಲ್ಲಿ ಕನ್ನಡ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತಿದೆ

ಎಲ್ಲರಿಗೂ ನಮಸ್ಕಾರ. ಉಬುಂಟು (ಲಿನಕ್ಸ್) ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ಫೈಲ್ ತಿದ್ದುವ ನ್ಯಾನೋ ಎಡಿಟರ್ ಕಲಿಯುತ್ತಿದ್ದೇನೆ. ಹೊಸಬರಿಗೆ ಇದೇ ಸುಲಭ ಅನ್ನಿಸಿತು, ಮುಖ್ಯವಾದ ಕೀಗಳೆಲ್ಲ ಪರದೆಯ ಕೆಳಗೇ ಬರೆದಿರುತ್ತವೆ. ಅಲ್ಲಿನ ಟೋಪಿ ಗುರುತು ಅಂದರೆ ಕಂಟ್ರೋಲ್, ಎಂ ಅಂದರೆ ಆಲ್ಟ್ ಅಂತ ಗೊತ್ತಾದ ಮೇಲೆ ಸಲೀಸಾಯಿತು. ಕಂಟ್ರೋಲ್ ಓ ಒತ್ತಿ ಎಂಟರ್ ಕೊಟ್ಟರೆ ಸೇವ್, ಕಂಟ್ರೋಲ್ ಎಕ್ಸ್ ಒತ್ತಿದರೆ ಹೊರಗೆ. ಇಷ್ಟು ರೂಢಿಯಾಗಿದೆ.

ತೊಡಕು ಇರುವುದು ಕನ್ನಡದಲ್ಲಿ. 'ಅಕ್ಷರ', 'ಪುಸ್ತಕ' ಅಂತ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಕಾಣುತ್ತದೆ. ಕರ್ಸರ್ ಇರುವುದು ಒಂದು ಕಡೆ, ಅಳಿಸಿ ಹೋಗುವುದು ಇನ್ನೊಂದು ಕಡೆ. ತಿದ್ದಲು ತುಂಬಾ ಕಷ್ಟ. ಅದೇ ಫೈಲನ್ನು ಮಾಮೂಲಿ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿದೆ. ಅಂದರೆ ಫೈಲ್ ಕೆಟ್ಟಿಲ್ಲ, ಟರ್ಮಿನಲ್ ತೋರಿಸುವ ರೀತಿಯಲ್ಲೇ ತೊಂದರೆ ಅಲ್ವಾ? ಲೊಕೇಲ್ (ಭಾಷೆ ಮತ್ತು ಅಕ್ಷರ ಸಂಕೇತದ ಸೆಟ್ಟಿಂಗ್) ಯುಟಿಎಫ್-8 ಇದೆ, ನೋಟೊ ಸಾನ್ಸ್ ಕನ್ನಡ ಫಾಂಟೂ ಇದೆ.

ಕನ್ನಡವನ್ನು ಸರಿಯಾಗಿ ತೋರಿಸುವ ಟರ್ಮಿನಲ್ ಯಾರಾದರೂ ಬಳಸುತ್ತಿದ್ದೀರಾ? ಯಾವುದು, ಸೆಟ್ಟಿಂಗ್ ಏನು ಅಂತ ತಿಳಿಸಿ. ಇನ್ನೊಂದು, ಸಾಲಿನ ಸಂಖ್ಯೆ ಪ್ರತಿ ಸಲ ತಾನಾಗಿ ಬರಲು ನ್ಯಾನೋಆರ್‌ಸಿ ಅನ್ನುವ ನ್ಯಾನೋ ಸೆಟ್ಟಿಂಗ್ ಫೈಲ್‌ನಲ್ಲಿ ಏನು ಬರೆಯಬೇಕು? ದಯವಿಟ್ಟು ಬೇರೆ ಎಡಿಟರ್ ಹಾಕಿಕೊಳ್ಳಿ ಅನ್ನಬೇಡಿ. ಸರ್ವರ್ ಮೇಲಿರುವ ಕನ್ನಡ ಫೈಲುಗಳನ್ನು ಅಲ್ಲೇ ತಿದ್ದಬೇಕಿದೆ.