ಉಪ್ಪು ಕಮ್ಮಿ ಮಾಡಿದರೆ ಅಪ್ಪ ಊಟವೇ ಬಿಡ್ತಾರೆ, ಏನು ಮಾಡಲಿ?

ಮಳೆಹನಿ:
ಅಪ್ಪನಿಗೆ ಬಿಪಿ ಜಾಸ್ತಿ ಆಗಿದೆ. ಉಪ್ಪು ಕಮ್ಮಿ ಮಾಡಿ ಅಂದರು ಡಾಕ್ಟರು. ಮರುದಿನವೇ ಅಡುಗೆಗೆ ಅರ್ಧದಷ್ಟೇ ಹಾಕಿದೆ. ಎರಡು ತುತ್ತು ತಿಂದು ಎದ್ದುಬಿಟ್ಟರು. ಈಗ ನಾನು ಆಚೆ ಹೋದ ತಕ್ಷಣ ಮೇಲೆ ಉದುರಿಸಿಕೊಳ್ತಾರೆ. ಲೋ ಸೋಡಿಯಂ ಉಪ್ಪು ತರಲಾ?

ಹಳೇಚಮಚ:
ನಮ್ಮ ಯಜಮಾನರದ್ದೂ ಇದೇ ಕಥೆ ಆಗಿತ್ತು. ಒಂದೇ ಸಲಕ್ಕೆ ಅರ್ಧ ಮಾಡಬೇಡಿ, ನಾಲಿಗೆ ಒಪ್ಪುವುದಿಲ್ಲ.

ನಾನು ಮೊದಲು ಲೆಕ್ಕ ಇಟ್ಟೆ. ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಡಬ್ಬಿ ಮೇಲೆ ತಾರೀಕು ಬರೆದೆ. ಇರುವುದು ಮೂರು ಜನ. 40ನೇ ದಿನಕ್ಕೆ ತಳ ಕಂಡಿತು. ಅಂದರೆ ಒಬ್ಬರಿಗೆ ದಿನಕ್ಕೆ 8 ಗ್ರಾಂಗಿಂತ ಜಾಸ್ತಿ! ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಸುಮಾರು ಒಂದು ಟೀ ಚಮಚ. ಬ್ರೆಡ್, ಬಿಸ್ಕತ್ತಿನ ಉಪ್ಪೂ ಅದರಲ್ಲೇ ಬಂತು.

ಆಮೇಲೆ ಕೈಯಲ್ಲಿ ಹಾಕುವುದು ಬಿಟ್ಟೆ. ಚಮಚದಲ್ಲಿ ತುಂಬಿಸಿ, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ ಹಾಕುತ್ತಿದ್ದೆ. ವಾರಕ್ಕೊಂದು ಚಿಟಿಕೆ ಇಳಿಸುತ್ತಾ ಬಂದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಸ್ವಲ್ಪ ಧಾರಾಳ ಮಾಡಿದೆ. ಹುಳಿ ಇದ್ದರೆ ಸಪ್ಪೆ ಅಂತ ಅಷ್ಟಾಗಿ ಅನಿಸುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಹೊರಗೆ ಊಟ ಮಾಡಿದೆವು. "ಇದೇನೇ, ಇಷ್ಟು ಉಪ್ಪು!" ಅಂದರು ಅವರೇ. ನನಗೆ ಕಣ್ಣು ತುಂಬಿ ಬಂತು.

ಅಪ್ಪನನ್ನು ಬೈಯಬೇಡಿ ದಯವಿಟ್ಟು. ಬೈದರೆ ಕದ್ದು ಹಾಕಿಕೊಳ್ಳುವುದು ಇನ್ನೂ ಜಾಸ್ತಿಯಾಗುತ್ತೆ.

ನೀಲಿಬಾಗಿಲು:
ಪ್ಯಾಕೆಟ್ ತಿಂಡಿಗಳ ಹಿಂಬದಿ ಓದಿ. ಅಲ್ಲಿ ಉಪ್ಪು ಅಂತ ಇರಲ್ಲ, ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. 400 ಇದ್ದರೆ ಒಂದು ಗ್ರಾಂ ಉಪ್ಪು. ಸಿಹಿ ಬಿಸ್ಕತ್ತಲ್ಲೂ ಇರುತ್ತೆ, ನೋಡಿ.

ಹಳೇಚಮಚ:
ಒಂದು ಮಾತು ಬಿಟ್ಟುಹೋಯ್ತು. ಲೋ ಸೋಡಿಯಂ ಉಪ್ಪನ್ನು ಸುಮ್ನೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ಬಿಪಿಯ ಕೆಲವು ಮಾತ್ರೆಗಳ ಜೊತೆಗೂ ಆಗಿಬರಲ್ಲ. ಮಾತ್ರೆ ಚೀಟಿ ತೋರಿಸಿ ಡಾಕ್ಟರನ್ನು ಕೇಳಿಯೇ ತನ್ನಿ. ಇಂದುಪ್ಪು, ಕಲ್ಲುಪ್ಪು ತಂದರೂ ಸೋಡಿಯಂ ಏನೂ ಇಳಿಯಲ್ಲ.

ಮಳೆಹನಿ:
ಅಯ್ಯೋ, ಒಳ್ಳೇದಾಯ್ತು ಹೇಳಿದ್ದು. ಅಪ್ಪನಿಗೆ ಕಿಡ್ನಿ ತೊಂದರೆಯೂ ಸ್ವಲ್ಪ ಇದೆ. ಸೋಮವಾರ ಚೀಟಿ ತಗೊಂಡು ಹೋಗ್ತೀನಿ. ಡಬ್ಬಿ ಮೇಲೆ ತಾರೀಕು ಈಗಲೇ ಬರೆದೆ.